ಅತ್ತೆಯ ಏಳನೆಯ ಊರು

ನಮ್ಮ ಅತ್ತೆಗೆ ಒಂದು ಊರು ಬಾಕಿ ಇತ್ತು. ನಾನು ಸೊಸೆಯಾಗಿ ಆ ಮನೆಗೆ ಬಂದ ವರ್ಷದಿಂದ ಈ ಮಾತನ್ನು ಕೇಳುತ್ತಲೇ ಇದ್ದೇನೆ. ನಮ್ಮ ಬ್ರಿಟನಿ ಸೀಮೆಯನ್ನು ನೆಲೆಗೊಳಿಸಿದ ಸಂತರು ಏಳು ಮಂದಿ, ಅವರ ಊರುಗಳೂ ಏಳು. ಒಂದೊಂದಕ್ಕೂ ಕಾಲ್ನಡಿಗೆಯಲ್ಲಿ ಹೋಗಿ, ಅಲ್ಲಿಯ ದೊಡ್ಡ ಚರ್ಚಿನಲ್ಲಿ ಸಂತನಿಗೆ ಮುಖ ತೋರಿಸಿ ಬರಬೇಕು. ಬದುಕಿರುವಾಗ ಏಳನ್ನೂ ಮುಗಿಸದವರು ಸತ್ತ ಮೇಲೆ ಮುಗಿಸಬೇಕು. ಅದೂ ಹೇಗೆ? ಶವಪೆಟ್ಟಿಗೆಯಲ್ಲೇ ಮಲಗಿಕೊಂಡು, ಏಳು ವರ್ಷಕ್ಕೊಮ್ಮೆ ಒಂದು ಪೆಟ್ಟಿಗೆಯ ಉದ್ದದಷ್ಟು ಮುಂದಕ್ಕೆ ಜರುಗುತ್ತ. ನಮ್ಮ ಕಡೆ ಎಲ್ಲರೂ ಇದನ್ನು ನಂಬುತ್ತಾರೆ ಎಂದಲ್ಲ. ಆದರೆ ನಂಬುವುದಿಲ್ಲ ಎಂದು ಗಟ್ಟಿಯಾಗಿ ಹೇಳುವವರೂ ಕಡಿಮೆ.

ಅತ್ತೆ ಕೋರಾಂತೀನ್ ಆರು ಮುಗಿಸಿದ್ದರು. ಉಳಿದದ್ದು ದೋಲ್ ಒಂದೇ. ಅದು ಸಂತ ಸಂಸೋನನ ಊರು, ನಮ್ಮ ದುವಾರ್ನೆನೆಯಿಂದ ನೋಡಿದರೆ ಸೀಮೆಯ ಇನ್ನೊಂದು ತುದಿ. ಬಂದರಿನ ಪಕ್ಕ ನಮ್ಮದೊಂದು ದೋಸೆ ಅಂಗಡಿ ಇದೆ. ಕಪ್ಪು ಗೋಧಿಯ ಹಿಟ್ಟನ್ನು ಅತ್ತೆ ಬೆಳಿಗ್ಗೆ ಎದ್ದು ಕೈಯಿಂದಲೇ ಬಡಿದು ಹದಕ್ಕೆ ತರುತ್ತಾರೆ, ನಾನು ಕಾವಲಿಯ ಮುಂದೆ ನಿಲ್ಲುತ್ತೇನೆ. ಹಿಟ್ಟು ಬಡಿಯುವಾಗ ಬೇರೆ ಮನೆಯ ಹಿರಿಯರು ಹಾಡುತ್ತಾರಂತೆ, ಪ್ರಾರ್ಥನೆ ಮಾಡುತ್ತಾರಂತೆ. ನಮ್ಮ ಅತ್ತೆ ನನ್ನನ್ನು ಬೈಯುತ್ತಾರೆ. ಬೈಗುಳ ಮುಗಿದ ಮೇಲೆ ಒಂದು ನಿಟ್ಟುಸಿರು ಬಿಟ್ಟು, "ಒಂದು ಬಾಕಿ ಉಳಿದುಬಿಡ್ತು ನೋಡು" ಎನ್ನುತ್ತಾರೆ. ಗಿರಾಕಿಗಳಿಗೂ ಇದು ಬಾಯಿಪಾಠ. "ಏನಮ್ಮ ಕೋರಾಂತೀನ್, ದೋಲ್ ಆಯ್ತಾ?" ಎಂದು ಕೇಳಿಯೇ ಮೀನುಗಾರರು ಕುರ್ಚಿ ಎಳೆದುಕೊಳ್ಳುತ್ತಾರೆ.

ಊರಿನ ಗುಂಪು ದೋಲ್ ಕಡೆಗೆ ನಡೆಯಲು ಹೊರಟಾಗಲೆಲ್ಲ ಅತ್ತೆಗೆ ಏನಾದರೊಂದು ಅಡ್ಡ ಬರುತ್ತಿತ್ತು. ಒಂದು ಸಲ ಸೊಂಟ ಹಿಡಿದುಕೊಂಡಿತು. ಇನ್ನೊಂದು ಸಲ ಅಂಗಡಿಯಲ್ಲಿ ಜನವೋ ಜನ. ಮತ್ತೊಂದು ಬೇಸಿಗೆಯಲ್ಲಿ ಬೆಕ್ಕು ಮರಿ ಹಾಕಿತೆಂದು ನಿಂತರು. ಪಾಪ, ಅದೃಷ್ಟವೇ ಸರಿಯಿಲ್ಲ ಎಂದುಕೊಳ್ಳುತ್ತಿದ್ದೆ. ನನ್ನ ಬುದ್ಧಿಗೆ ಅಷ್ಟೇ ಹೊಳೆದದ್ದು.

ನನಗೆ ಈ ಸಂತರ ಮೇಲೆ ಭಕ್ತಿಯೂ ಇಲ್ಲ, ಸಿಟ್ಟೂ ಇಲ್ಲ. ನಮ್ಮಪ್ಪ ಸಾರ್ಡೀನ್ ಮೀನಿನ ದೋಣಿಯವನು, ಕೆಂಬಾವುಟದ ಪಾರ್ಟಿಯವನು. ನನ್ನ ಮದುವೆಯ ದಿನವೂ ಚರ್ಚಿನ ಒಳಗೆ ಕಾಲಿಡದೆ ಎದುರಿನ ಅಂಗಡಿಯಲ್ಲಿ ಕೂತು ಸೇಬಿನ ಮದ್ಯ ಸೈಡರ್ ಕುಡಿದವನು. ಅಂಥವನ ಮಗಳು ನಾನು ಏಳರಲ್ಲಿ ಒಂದೂರಿಗೂ ಸಂತನನ್ನು ನೋಡಲೆಂದು ಹೋದವಳಲ್ಲ. ಆದರೆ ಮೂವತ್ತು ವರ್ಷ ದಿನಾ ಒಂದೇ ನಿಟ್ಟುಸಿರು ಕೇಳಿದರೆ ಎಂಥವರಿಗೂ ತಲೆ ಕೆಡುತ್ತದೆ. ಅತ್ತೆಗೆ ಎಂಬತ್ತೆರಡು ತುಂಬುವ ಅಕ್ಟೋಬರ್ ಬಂದಾಗ ನಾನು ಗಂಡನ ಬೆನ್ನು ಹತ್ತಿದೆ.

"ಗೂಲ್ವೆನ್, ನಿಮ್ಮಮ್ಮನ ಆ ಒಂದನ್ನ ಮುಗಿಸಿಬಿಡೋಣ. ಕಾರಲ್ಲಿ ಕೂರಿಸ್ಕೊಂಡು ಹೋಗ್ಬರೋಣ."

"ನಡ್ಕೊಂಡೇ ಹೋಗ್ಬೇಕಂತಲ್ಲ."

"ಕೊನೇಲಿ ಸ್ವಲ್ಪ ದೂರ ನಡೀಲಿ. ಈ ವಯಸ್ಸಿನವ್ರಿಗೆ ಸಂತ ಅಷ್ಟೂ ರಿಯಾಯಿತಿ ಕೊಡಲ್ವಾ? ಕೊಡಲ್ಲ ಅಂದ್ರೆ ನಾನು ಮಾತಾಡ್ತೀನಿ ಅವನ ಹತ್ರ."

ಗೂಲ್ವೆನ್ ಒಳ್ಳೆಯವನು. ಎಲ್ಲಿ ಊಟ ಚೆನ್ನಾಗಿರುತ್ತದೆ ಎಂಬುದನ್ನು ಬಿಟ್ಟರೆ ಬೇರೆ ಯಾವುದಕ್ಕೂ ವಾದಕ್ಕೆ ನಿಲ್ಲುವವನಲ್ಲ. ದಾರಿಯುದ್ದಕ್ಕೂ ಎಲ್ಲೆಲ್ಲಿ ತಿನ್ನಬಹುದು ಎಂದು ಅವನು ಆಗಲೇ ಲೆಕ್ಕ ಹಾಕತೊಡಗಿದ್ದ.

ಹುಟ್ಟುಹಬ್ಬದ ದಿನ ನೆರೆಹೊರೆಯವರನ್ನೆಲ್ಲ ಅಂಗಡಿಗೆ ಕರೆದೆವು. ಬೆಣ್ಣೆ ಸಕ್ಕರೆ ಜಿನುಗುವ ಕುಯಿನ್ ಅಮಾನ್ ಕೇಕು ಕತ್ತರಿಸಿ ಎಲ್ಲರಿಗೂ ಹಂಚಿದ ಮೇಲೆ ಗೂಲ್ವೆನ್ ಎದ್ದು ನಿಂತು, "ಅಮ್ಮ, ಈ ಸಲದ ಉಡುಗೊರೆ ದೋಲ್. ನಾಳೆ ಬೆಳಿಗ್ಗೆ ಹೊರಡೋದು" ಎಂದ. ಅತ್ತೆಯ ಕೈಯಲ್ಲಿದ್ದ ತುಂಡು ತಟ್ಟೆಗೆ ಬಿತ್ತು. ಮುಖ ಬಿಳಿಚಿಕೊಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂತೋಷಕ್ಕೆ ಮಾತೇ ಹೊರಡುತ್ತಿಲ್ಲ ಎಂದು ತಿಳಿದು ನಾನು ಸ್ವಲ್ಪ ಬೀಗಿದೆ ಕೂಡ.

ಬೆಳಿಗ್ಗೆ ಎದ್ದರೆ ಅವರಿಗೆ ಮಂಡಿನೋವು. ಆಮೇಲೆ ಕೋಳಿಗಳನ್ನು ನೋಡಿಕೊಳ್ಳುವವರಿಲ್ಲ. ಆಮೇಲೆ ಆಕಾಶ ಸರಿಯಿಲ್ಲ. ಪಕ್ಕದ ಮನೆಯವಳು ಕೋಳಿಗಳನ್ನು ಒಪ್ಪಿಕೊಂಡಳು, ಮಂಡಿಗೆ ನಾನು ಮುಲಾಮು ಹಚ್ಚಿದೆ, ಆಕಾಶ ತಾನಾಗಿ ಸರಿಹೋಯಿತು. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಾಗಿಲು ಹಾಕಿದೆವು.

ನೇರ ಹೋದರೆ ಮಧ್ಯಾಹ್ನದ ಹೊತ್ತಿಗೆ ತಲುಪುವ ಊರು. ಊರಾಚೆಯ ತಿರುವು ದಾಟುತ್ತಿದ್ದಂತೆ ಅತ್ತೆ ಮುಂದಕ್ಕೆ ಬಾಗಿ ಮಗನ ಭುಜ ತಟ್ಟಿದರು.

"ಗೂಲ್ವೆನ್, ಹುಯೆಲ್ಗ್ವಾತ್ ಕಾಡಿನ ಮೇಲೆ ಹೋಗೋಣ ಕಣೋ. ಅಲ್ಲಿ ಆ ಅಲುಗಾಡೋ ಬಂಡೆ ಇದ್ಯಲ್ಲ, ಒಂದ್ಸಲ ಅಲ್ಲಾಡಿಸ್ಬೇಕು."

"ಮಂಡಿನೋವಲ್ವಾ ಅತ್ತೆ?" ಎಂದೆ.

"ಬಂಡೆ ಅಲ್ಲಾಡಿಸೋದು ಬೆನ್ನಿಂದ ಕಣೆ. ಮಂಡಿಯಿಂದ ಅಲ್ಲ."

ಕಾಡಿನೊಳಗೆ ಪಾಚಿ ಕಟ್ಟಿದ ದೊಡ್ಡ ದೊಡ್ಡ ಗುಂಡುಕಲ್ಲುಗಳ ನಡುವೆ ಅತ್ತೆ ಕೋಲೂರಿಕೊಂಡು ಇಳಿದರು. ಮನೆಯಷ್ಟಿರುವ ಆ ಬಂಡೆಯ ಸರಿಯಾದ ಮೂಲೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಒತ್ತಿದರು. ಬಂಡೆ ನಿಧಾನಕ್ಕೆ ಅಲುಗಿತು. ಅವರ ಮುಖದಲ್ಲಿ ಮೂಡಿದ ಗೆಲುವನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ. "ಇನ್ನೂ ಇದೆ ನನ್ನಲ್ಲಿ" ಎಂದು ಯಾರಿಗೋ ಹೇಳುವಂತೆ ಹೇಳಿದರು. ನಮಗೆ ಹೇಳಿದ್ದೆಂದುಕೊಂಡು ಗೂಲ್ವೆನ್ ಫೋಟೋ ತೆಗೆದ.

ಮೋರ್ಲೆಯಲ್ಲಿ ಊಟಕ್ಕೆ ಇಳಿದೆವು. ಮಾಂಸ, ತರಕಾರಿ, ಅದೇ ಸಾರಿನಲ್ಲಿ ಬಟ್ಟೆಚೀಲದಲ್ಲಿ ಕಟ್ಟಿ ಬೇಯಿಸಿದ ಕಪ್ಪು ಗೋಧಿಯ ಕಡುಬು. ಅತ್ತೆ ಒಂದು ತಟ್ಟೆ ಮುಗಿಸಿ ಇನ್ನೊಂದು ತರಿಸಿಕೊಂಡರು. ಬಡಿಸುವ ಹುಡುಗಿಯನ್ನು ನಿಲ್ಲಿಸಿ, ಕಡುಬು ಪುಡಿ ಮಾಡುವುದು ಹೀಗಲ್ಲ, ಚೀಲದೊಳಗಿರುವಾಗಲೇ ಹೊರಳಿಸಬೇಕು ಎಂದು ಪಾಠ ಹೇಳಿದರು. ಆ ಹುಡುಗಿ ನಗುತ್ತ ಕೇಳಿಸಿಕೊಂಡಳು. ನಾನು ಗಡಿಯಾರ ನೋಡಿದೆ.

ಅಲ್ಲಿಂದ ಹೊರಟರೆ ಇನ್ನೊಂದು ಬೇಡಿಕೆ. ಪ್ಲುವಾರೆ ಹತ್ತಿರ ಒಂದು ಪುಟ್ಟ ಚರ್ಚಿದೆ, ಅದರ ಒಂದು ತೋಳನ್ನು ಹಳೇ ಕಾಲದ ಕಲ್ಲುಗೋರಿಯ ಮೇಲೇ ಕಟ್ಟಿದ್ದಾರೆ. ಹೊರಗಿನ ಮೆಟ್ಟಿಲಿಳಿದು ಬಗ್ಗಿದರೆ ಕಲ್ಲಿನ ಚಪ್ಪರದ ಕತ್ತಲಲ್ಲಿ ಪುಟ್ಟ ಬೊಂಬೆಗಳ ಹಾಗೆ ಏಳು ಸಂತರು. ಅತ್ತೆ ಅವರನ್ನು ಒಬ್ಬೊಬ್ಬರನ್ನಾಗಿ ದಿಟ್ಟಿಸಿ ನೋಡಿ, ನನ್ನ ತೋಳು ಹಿಡಿದು ಪಿಸುಗುಟ್ಟಿದರು.

"ಅಜೆನೋರ್, ಇಲ್ಲೂ ಏಳು ಜನ ಇದಾರಲ್ಲೇ. ಇವ್ರನ್ನ ನೋಡಿದ್ರೆ ಸಾಕಾಗಲ್ವಾ?"

"ಇವ್ರು ಬೇರೆ ಏಳು ಜನ ಅತ್ತೆ. ಇವ್ರು ಗುಹೇಲಿ ನಿದ್ದೆ ಮಾಡ್ದೋರು."

"ಪಾಪ, ಮಲಗಿದ್ರೂ ಸಂತರಾದ್ರು. ನಮ್ಮೋರು ನೋಡು, ನಮ್ಮನ್ನ ನಡೆಸಿ ನಡೆಸಿ ಸಾಯಿಸ್ತಾರೆ."

ಹತ್ತಿರದ ಚಿಲುಮೆಯಲ್ಲಿ ಏಳು ತೂತುಗಳಿಂದ ನೀರು ಬರುತ್ತದೆ. ಅತ್ತೆ ಏಳರಿಂದಲೂ ಒಂದೊಂದು ಗುಟುಕು ಕುಡಿದು, ಕೊನೆಯದರಲ್ಲಿ ಎರಡು ಗುಟುಕು ಜಾಸ್ತಿ ಕುಡಿದರು. ನೀರು ಎಷ್ಟು ತಣ್ಣಗಿದೆ ಎಂದು ಕುಣಿಯುವಷ್ಟು ಖುಷಿ. ಅವರು ಹಾಗೆ ಖುಷಿಯಾಗಿರುವುದನ್ನು ಕಂಡು ನನ್ನ ಸಿಟ್ಟು ಅರ್ಧ ಇಳಿದಿತ್ತು. ಉಳಿದರ್ಧ ಏರಿತು, ಏಕೆಂದರೆ ಅಷ್ಟರಲ್ಲಿ ಸೂರ್ಯ ಇಳಿದಿದ್ದ. ಪೆಂಪೋಲ್‌ನಲ್ಲಿ ಉಳಿದುಕೊಂಡು ಸಾಸೇಜ್ ಹಾಕಿ ಬೇಯಿಸಿದ ಹಸಿ ಕಾಳು ತಿಂದೆವು. ಕಾಳು ಎಷ್ಟು ಮೆತ್ತಗಿದೆ ನೋಡು, ಇದನ್ನು ತಿನ್ನಲಿಕ್ಕಾದರೂ ಬದುಕಿರಬೇಕು ಎಂದು ಅತ್ತೆ ಅಂದಾಗ ನಾನು ಅದನ್ನು ಅಡುಗೆಯ ಹೊಗಳಿಕೆ ಎಂದೇ ತಿಳಿದೆ.

ಮರುದಿನವೂ ಅದೇ ಕತೆ. ದಾರಿಯಲ್ಲಿ ಕಂಡ ನಿಲುಗಲ್ಲುಗಳಿಗೆಲ್ಲ ಕಾರು ನಿಲ್ಲಬೇಕು, ಕಲ್ಲನ್ನು ಮುಟ್ಟಬೇಕು, ಬಗ್ಗಿ ಬುಡ ನೋಡಬೇಕು. ಸಂತ ಬ್ರಿಯೆ ಊರಿನ ಸಂತೆಯಲ್ಲಿ ಆ ವಾರವಷ್ಟೇ ಬಂದ ಬೀಸಣಿಗೆಯಾಕಾರದ ಕಡಲಚಿಪ್ಪಿನ ಮಾಂಸವನ್ನು ಬೆಣ್ಣೆಯಲ್ಲಿ ಹುರಿದು ಕೊಡುತ್ತಿದ್ದರು. ಅಲ್ಲಿ ಒಂದು ಗಂಟೆ. ದೋಸೆ ಅಂಗಡಿ ಕಂಡಲ್ಲೆಲ್ಲ ಒಂದು ದೋಸೆ, ಒಂದು ತೀರ್ಪು. ಇಲ್ಲಿ ಹಿಟ್ಟು ಬಡಿದಿಲ್ಲ. ಇಲ್ಲಿ ಬೆಣ್ಣೆಗೆ ಉಪ್ಪಿಲ್ಲ, ಪ್ಯಾರಿಸ್ಸಿನವರು ತಿನ್ನುವಂಥದ್ದು. ಪೂರ್ವಕ್ಕೆ ಹೋದಂತೆಲ್ಲ ದೋಸೆ ದಪ್ಪವಾಗುತ್ತ ಹೋಯಿತು, ಅತ್ತೆಯ ಬಾಯಿ ಹರಿತವಾಗುತ್ತ ಹೋಯಿತು.

"ಇದನ್ನ ಮಡಿಸಿದ್ರೆ ಮುರಿಯುತ್ತೆ. ಮುರಿಯೋ ದೋಸೆ ದೋಸೆನಾ? ಇದು ಚಪ್ಪಲಿ" ಎಂದು ಲಾಂಬಾಲ್‌ನ ಅಂಗಡಿಯವನಿಗೆ ಕೇಳುವಂತೆಯೇ ಹೇಳಿದರು.

"ಅಮ್ಮ, ನೀನು ಮೂರು ತಿಂದಿದೀಯ" ಎಂದ ಗೂಲ್ವೆನ್.

"ಒಂದರಲ್ಲಿ ಹೇಗೋ ಗೊತ್ತಾಗುತ್ತೆ? ನ್ಯಾಯವಾಗಿ ಹೇಳ್ಬೇಕಲ್ಲ."

ದಿನಾನ್ ಸೇರುವ ಹೊತ್ತಿಗೆ ನನಗೆ ಅನುಮಾನ ಶುರುವಾಗಿತ್ತು. ಅದು ಕೋಟೆಯೊಳಗಿನ ಹಳೆಯ ಊರು. ಮರದ ತೊಲೆಗಳ ಮನೆಗಳು ಮೇಲಿನ ಮಹಡಿಯಲ್ಲಿ ಒಂದಕ್ಕೊಂದು ಮುತ್ತಿಡುವಷ್ಟು ಬಾಗಿವೆ. ಅಲ್ಲಿಂದ ಕೆಳಗೆ ನದಿಯ ದಂಡೆಗೆ ಕಲ್ಲು ಹಾಸಿದ ಒಂದು ಬೀದಿ ಇಳಿಯುತ್ತದೆ, ಇಳಿಯುವಾಗಲೇ ಮೊಣಕಾಲು ನಡುಗುವಂಥದ್ದು. ಅತ್ತೆ ಅದನ್ನು ಇಳಿಯಲೇಬೇಕೆಂದರು. ಇಳಿದರು. ಕೆಳಗೆ ಒಂದು ಬಟ್ಟಲು ಸೈಡರ್ ಕುಡಿದು ಮತ್ತೆ ಹತ್ತಿದರು. ನಾನು ಅರ್ಧದಲ್ಲಿ ಗೋಡೆಗೊರಗಿ ಏದುಸಿರು ಬಿಡುತ್ತಿದ್ದರೆ ಮಂಡಿನೋವಿನ ಅತ್ತೆ ಮೇಲಿನ ಬಾಗಿಲಲ್ಲಿ ನಿಂತು ನನ್ನನ್ನು ಕೂಗುತ್ತಿದ್ದರು.

"ಇಷ್ಟು ಹತ್ತೋರಿಗೆ ದೋಲ್ ಯಾವ ಲೆಕ್ಕ ಅತ್ತೆ? ಅದು ಸಮತಟ್ಟು" ಎಂದೆ, ಉಸಿರು ಸಿಕ್ಕ ಮೇಲೆ.

ಅವರ ನಗು ಹಾಗೇ ನಿಂತುಬಿಟ್ಟಿತು. "ಅಜೆನೋರ್, ಇಲ್ಲಿಂದ ಮೋನ್ ಸಾಂ ಮಿಶೆಲ್ ಹತ್ತಿರ ಅಲ್ವಾ? ನಾಳೆ ಅಲ್ಲಿಗೆ ಹೋಗೋಣ."

ಇದು ಅತಿಯಾಯಿತು. ಆ ಸಮುದ್ರದ ನಡುವಿನ ಗುಡ್ಡ ನಮ್ಮದಾಗಿತ್ತು, ಪಕ್ಕದ ಸೀಮೆಯ ನಾರ್ಮಂಡಿಯವರು ಹೊಡೆದುಕೊಂಡರು ಎಂದು ಜೀವಮಾನವೆಲ್ಲ ಬೈದವರು ಅವರು. ಕದ್ದ ಮಾಲನ್ನು ದುಡ್ಡು ಕೊಟ್ಟು ನೋಡಬೇಕಾ ಎಂದು ಊರಿನ ಬಸ್ಸು ಹೊರಟಾಗ ಅದರಿಂದ ಇಳಿದು ಬಂದವರು. ಗೂಲ್ವೆನ್‌ಗೆ ಗುಟ್ಟಾಗಿ ಹೇಳಿದೆ, ನಾಳೆ ಬೆಳಿಗ್ಗೆ ಬೇರೆಲ್ಲೂ ನಿಲ್ಲಿಸದೆ ದೋಲ್ ಕಡೆಗೇ ಓಡಿಸು ಅಂತ.

ಹಾಗೆ ಮೂರನೆಯ ಬೆಳಿಗ್ಗೆ ನಾವು ದೋಲ್ ಊರಿನ ಹೊರಗಿನ ಶಾಂ ದೋಲಾಂ ನಿಲುಗಲ್ಲಿನ ಹತ್ತಿರ ಬಂದೆವು. ಇಲ್ಲಿಂದ ಚರ್ಚಿಗೆ ಸುಮಾರು ಅರ್ಧ ಗಂಟೆಯ ನಡಿಗೆ. ಅಷ್ಟನ್ನು ಅತ್ತೆ ನಡೆಯುವುದೆಂದು ಮೊದಲೇ ಮಾತಾಗಿತ್ತು. ಗೂಲ್ವೆನ್ ನಮ್ಮಿಬ್ಬರನ್ನು ಇಳಿಸಿ, ಕಾರು ನಿಲ್ಲಿಸಿ ಮೇಣದಬತ್ತಿ ಕೊಂಡಿಟ್ಟಿರುತ್ತೇನೆ, ಬಾಗಿಲಲ್ಲಿ ಸಿಗೋಣ ಎಂದು ಮುಂದೆ ಹೋದ.

ಹೊಲದ ನಡುವೆ ಆ ಕಲ್ಲು ಒಂಟಿಯಾಗಿ ನಿಂತಿದೆ, ಎರಡು ಮಹಡಿಗಿಂತ ಎತ್ತರ. ಹಿಂದೆ ಅಣ್ಣತಮ್ಮಂದಿರಿಬ್ಬರು ಇಲ್ಲಿ ಕಾದಾಡುತ್ತಿದ್ದಾಗ ಅವರನ್ನು ಬಿಡಿಸಲೆಂದು ಆಕಾಶದಿಂದ ಬಿದ್ದದ್ದಂತೆ. ನೂರು ವರ್ಷಕ್ಕೆ ಒಂದಂಗುಲ ನೆಲದೊಳಗೆ ಇಳಿಯುತ್ತದಂತೆ, ಪೂರ್ತಿ ಇಳಿದ ದಿನ ಲೋಕ ಮುಗಿಯುತ್ತದಂತೆ. ಅತ್ತೆ ಕತ್ತೆತ್ತಿ ಅದರ ತುದಿಯನ್ನು ನೋಡಿದರು.

"ಇನ್ನೂ ಎಷ್ಟೊಂದು ಇದೆ ನೋಡು ಇದಕ್ಕೆ" ಎಂದರು. ಆಮೇಲೆ ಅದರ ಬುಡದಲ್ಲಿ ಕೂತುಬಿಟ್ಟರು.

"ಏಳಿ ಅತ್ತೆ."

"ಏಳಲ್ಲ."

"ಅಲ್ಲಿ ನಿಮ್ಮ ಮಗ ಕಾಯ್ತಿದಾನೆ."

"ಕಾಯ್ಲಿ. ಅವನಿಗೆ ತಿಂಡಿ ಅಂಗಡಿ ಎಲ್ಲಾದ್ರೂ ಸಿಕ್ಕಿರುತ್ತೆ."

ನನಗೆ ರೇಗಿತು. ಎರಡು ದಿನ ಬಾಯಿ ಬಿಗಿಹಿಡಿದದ್ದೆಲ್ಲ ಒಟ್ಟಿಗೆ ಹೊರಗೆ ಬಂತು. ಅಂಗಡಿ ಮುಚ್ಚಿ ಬಂದಿದ್ದೇವೆ, ನಿಮ್ಮ ಒಂದು ಬಾಕಿ ತೀರಲಿ ಅಂತ ತಾನೆ, ಮೂವತ್ತು ವರ್ಷ ನನ್ನ ಕಿವಿ ತಿಂದಿರಿ, ಈಗ ಬಾಗಿಲ ಹತ್ತಿರ ಬಂದು ಆಟ ಆಡುತ್ತೀರಾ, ಎಂದೆಲ್ಲ ಕೂಗಾಡಿದೆ. ಅತ್ತೆ ಗಾಬರಿಯಿಂದ ಊರಿನ ದಿಕ್ಕಿಗೆ ನೋಡಿ ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಮಾತಾಡೆ. ಅವನಿಗೆ ಕೇಳಿಸುತ್ತೆ."

"ಯಾರಿಗೆ?"

"ಸಂಸೋನನಿಗೆ."

ನಾನು ಅವರ ಪಕ್ಕ ಕೂತೆ. ಇಬ್ಬರೂ ತಲೆ ಹತ್ತಿರ ಮಾಡಿ, ಚರ್ಚಿನಲ್ಲಿ ಗಾಸಿಪ್ ಹೇಳುವವರ ಹಾಗೆ ಪಿಸುಮಾತಿನಲ್ಲಿ ಮಾತಾಡಿದೆವು.

"ನಿನ್ನ ಮದುವೆ ಹಿಂದಿನ ವರ್ಷ ನಾನೂ ನಮ್ಮಮ್ಮನೂ ವಾನ್‌ಗೆ ನಡೆದ್ವಿ. ನನಗದು ಆರನೇದು, ಅವಳಿಗೆ ಏಳನೇದು. ಮನೆಗೆ ಬಂದಳು, ಸೂಪ್ ಕುಡಿದಳು, ಎಲ್ಲಾ ಮುಗೀತು, ಇನ್ನು ಹಗುರ ಅಂದಳು. ಭಾನುವಾರ ಎದ್ದೇ ಇಲ್ಲ. ಗಟ್ಟಿಮುಟ್ಟಾಗಿದ್ದಳು ಕಣೆ. ಒಂದು ಸೀನೂ ಇರಲಿಲ್ಲ. ಕೆಳಗಿನ ಬೀದಿ ಫಾಂತ್‌ಗೂ ಹಾಗೇ ಆಯ್ತು. ಏಳನೇದು ಅಂತ ತ್ರೆಗಿಯೇ ಮುಗಿಸಿ ಬಂದಳು, ಶೂ ಒಣಗೋ ಮೊದಲೇ ಹೋದಳು. ಒಂದು ಬಾಕಿ ಇರೋವರೆಗೂ ಅವ್ರು ಕರೆಯಲ್ಲ ಅಜೆನೋರ್. ಕೆಲಸ ಅರ್ಧ ಬಿಟ್ಟೋರನ್ನ ಯಾರು ಮನೆಗೆ ಕಳಿಸ್ತಾರೆ ಹೇಳು."

ಸೊಂಟ, ಗಿರಾಕಿ, ಬೆಕ್ಕಿನ ಮರಿ ಎಲ್ಲವೂ ಒಂದೊಂದಾಗಿ ಅರ್ಥವಾಗತೊಡಗಿತು. ನಾವು ಚಪ್ಪಾಳೆ ತಟ್ಟಿ, ಕೇಕು ಕತ್ತರಿಸಿ, ಈ ಮುದುಕಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಸಾವನ್ನು ಕೊಟ್ಟಿದ್ದೆವು. ಅದಕ್ಕೆ ಮುಲಾಮು ಬೇರೆ ಹಚ್ಚಿದ್ದೆ.

"ಮತ್ತೆ ದಿನಾ ಆ ನಿಟ್ಟುಸಿರು ಯಾಕೆ?" ಎಂದೆ.

"ಇಷ್ಟ ಇಲ್ಲ ಅಂತ ಅವನಿಗೆ ಗೊತ್ತಾಗ್ಬಾರ್ದಲ್ಲ. ಆಸೆ ಇದೆ, ಆಗ್ತಿಲ್ಲ ಅಂತ ತೋರಿಸ್ತಿದ್ದೆ."

"ನಮಗಾದ್ರೂ ಹೇಳ್ಬಹುದಿತ್ತು."

"ಹೇಗೆ ಹೇಳ್ಲಿ? ಎಂಬತ್ತೆರಡಾಯ್ತು. ಈ ವಯಸ್ಸಲ್ಲಿ ಸಾಯಕ್ಕೆ ಭಯ ಅಂದ್ರೆ ನಗ್ತಾರೆ. ಭಯನೂ ಅಲ್ಲ ಕಣೆ ಅದು." ಅವರು ಕೋಲಿನಿಂದ ಹುಲ್ಲು ಕೆದಕಿದರು. "ನನಗಿನ್ನೂ ಸಾಕಾಗಿಲ್ಲ. ಅಷ್ಟೇ. ಬೆಳಿಗ್ಗೆ ಹಿಟ್ಟಿಗೆ ಕೈ ಹಾಕಿದ್ರೆ ತಣ್ಣಗಿರುತ್ತಲ್ಲ, ಅದು ಸಾಕಾಗಿಲ್ಲ. ದೋಣಿ ಬರೋ ಹೊತ್ತಿಗೆ ಬಾಗಿಲಲ್ಲಿ ನಿಲ್ಲೋದು ಸಾಕಾಗಿಲ್ಲ. ನಿನ್ನ ಬೈಯೋದೂ ಸಾಕಾಗಿಲ್ಲ."

ನನ್ನ ಕಣ್ಣು ತುಂಬಿತು. ಮೂವತ್ತು ವರ್ಷದಲ್ಲಿ ಈ ಹೆಂಗಸಿನ ಮುಂದೆ ನಾನು ಅತ್ತದ್ದು ಈರುಳ್ಳಿ ಹೆಚ್ಚುವಾಗ ಮಾತ್ರ. ಸಾಯುತ್ತಾರೆ ಎಂದು ನಾನು ನಂಬಿದೆನೆಂದಲ್ಲ. ಆದರೆ ಇವರಿಲ್ಲದ ಬೆಳಗು ಹೇಗಿರುತ್ತದೆ ಎಂದು ಮೊದಲ ಸಲ ನೆನೆಸಿಕೊಂಡೆ, ಅದು ನನಗೆ ಬೇಕಿರಲಿಲ್ಲ.

"ಏಳಿ. ಒಳಗೆ ಹೋಗೋದು ಬೇಡ" ಎಂದೆ. "ಊರೊಳಗೆ ಹೋಗಿ ಮಸ್ಸೆಲ್ ಚಿಪ್ಪುಮೀನು ತಿನ್ನೋಣ. ಇಲ್ಲಿ ಕೊಲ್ಲೀಂದ ತಾಜಾ ಬರುತ್ತೆ."

"ಗೂಲ್ವೆನ್‌ಗೆ ಏನಂತೀಯ?"

"ಮಂಡಿನೋವು ಅಂತೀನಿ. ಅದಕ್ಕೇ ಇಟ್ಕೊಂಡಿರೋದಲ್ವಾ ನೀವದನ್ನ?"

ಅತ್ತೆ ನಕ್ಕರು. ನನ್ನ ಕೈ ಹಿಡಿದು ಎದ್ದರು. ಹೊಲದ ಪಕ್ಕದ ದಾರಿಯಲ್ಲಿ ಅವರು ಮಸ್ಸೆಲ್‌ಗೆ ಕೆನೆ ಹಾಕುವುದು ಸರಿಯೋ ತಪ್ಪೋ ಎಂದು ವಾದಿಸುತ್ತ ಬಂದರು. ಅರ್ಧ ದಾರಿ ಕಳೆದ ಮೇಲೆ ನಿಂತುಬಿಟ್ಟರು.

"ಆದ್ರೆ ಒಂದು ಉಳಿಸ್ಕೊಂಡು ಸತ್ರೆ ಆ ಪೆಟ್ಟಿಗೇಲಿ ಜರುಗ್ಬೇಕಲ್ಲೇ. ಎಷ್ಟು ದೂರ ಇದೆ ನೋಡಿದ್ಯಲ್ಲ, ಕಾರಲ್ಲೇ ಸುಸ್ತಾಗುತ್ತೆ."

"ನಿಮ್ಮ ಬದಲು ನಾನು ಹೋಗ್ತೀನಿ ಈಗ. ನಿಮ್ಮ ಹೆಸರು ಹೇಳಿ ಬರ್ತೀನಿ. ಸೊಸೆ ಬಂದಿದ್ಳು, ಅತ್ತೆ ಆಮೇಲೆ ಬರ್ತಾರಂತೆ ಅಂತ ಗೊತ್ತಿರ್ಲಿ ಅವನಿಗೆ. ನೀವು ಬಾಗಿಲಾಚೆ ನಿಂತಿರಿ."

"ನೀನಾ? ನಿಮ್ಮಪ್ಪನ ಮಗಳಾ?" ಎಂದು ಹುಬ್ಬೇರಿಸಿದರು. ಆದರೆ ಬೇಡ ಎನ್ನಲಿಲ್ಲ.

ಚರ್ಚು ಕಪ್ಪು ಕಲ್ಲಿನ ಗುಡ್ಡದಂತೆ ಊರಿನ ಅಂಚಿಗೆ ಕೂತಿದೆ. ದೊಡ್ಡ ಬಾಗಿಲಿನ ಮಂಟಪದಲ್ಲಿ ಗೂಲ್ವೆನ್ ಮೇಣದಬತ್ತಿ ಹಿಡಿದು ನಿಂತಿದ್ದ, ಇನ್ನೊಂದು ಕೈಯಲ್ಲಿ ದಪ್ಪ ದೋಸೆಯಲ್ಲಿ ಸುತ್ತಿದ ಸಾಸೇಜ್. ಅಮ್ಮನಿಗೆ ಮಂಡಿನೋವು, ಇಲ್ಲೇ ನಿಂತಿರುತ್ತಾರೆ, ನಾನು ಹೋಗಿ ಬರುತ್ತೇನೆ ಎಂದೆ. ಅವನು ನನ್ನ ಮುಖ ನೋಡಿದ, ಅಮ್ಮನ ಮುಖ ನೋಡಿದ, ಮೇಣದಬತ್ತಿ ಕೊಟ್ಟ. ಅತ್ತೆ ಹೊಸ್ತಿಲಿಂದ ಎರಡು ಹೆಜ್ಜೆ ಹಿಂದೆ ಕೋಲೂರಿ ನಿಂತರು. ನಾನು ಒಳಗೆ ಕಾಲಿಟ್ಟೆ.

ಒಳಗೆ ತಣ್ಣಗಿತ್ತು, ಮೇಲೆ ಮೇಲೆ ಹೋಗುವ ಕಂಬಗಳು, ಆ ತುದಿಯಲ್ಲಿ ಬಣ್ಣದ ಗಾಜಿನ ದೊಡ್ಡ ಕಿಟಕಿ. ಎಲ್ಲಿ ಹೋಗಬೇಕು, ಏನು ಮಾಡಬೇಕು, ನನಗೇನು ಗೊತ್ತು. ಜನ ಇಂಥಲ್ಲಿ ಒಂದು ಸುತ್ತು ಬರುತ್ತಾರೆ ಎಂದಷ್ಟೇ ಕೇಳಿದ್ದೆ. ಮೇಣದಬತ್ತಿ ಹಿಡಿದು ಬಲಗಡೆ ತಿರುಗಿ ನಡೆಯತೊಡಗಿದೆ. ಮೊದಲನೆಯ ಕಂಬ ದಾಟಿದೆ, ಎರಡನೆಯದನ್ನೂ ದಾಟಿದೆ.

"ಆ ಕಡೆಯಿಂದ ಅಲ್ಲ ಕಣೆ."

ಬಾಗಿಲಾಚೆಯಿಂದ ಅತ್ತೆ ಇಡೀ ಚರ್ಚು ಮೊಳಗುವ ಹಾಗೆ ಕೂಗಿದ್ದರು. ಬೆಂಚಿನ ಮೇಲೆ ಕೂತಿದ್ದ ಇಬ್ಬರು ತಲೆಯೆತ್ತಿದರು. ನಾನು ಏನೆಂದು ಅರ್ಥವಾಗದೆ ಇನ್ನೂ ಒಂದು ಹೆಜ್ಜೆ ಇಟ್ಟೆ.

"ಎಡಸುತ್ತು ಬರ್ತಿದೀಯಲ್ಲೇ. ಸೂರ್ಯ ಹೋಗೋ ಕಡೆ ಸುತ್ತಬೇಕು. ಹೆಣ ಸುತ್ತೋದು ಆ ಕಡೆಯಿಂದ. ನಿಲ್ಲು, ನಿಲ್ಲು ಅಂದ್ರೆ ನಿಲ್ಲಲ್ವಲ್ಲ ಇವಳು."

ಕಲ್ಲು ನೆಲದ ಮೇಲೆ ಕೋಲಿನ ಸದ್ದು ಕೇಳಿಸಿತು, ಟಕ್ ಟಕ್ ಎಂದು ಒಂದೇ ಸಮನೆ ಹತ್ತಿರ ಬಂತು. ನನ್ನ ತೋಳನ್ನು ಹಿಡಿದು ಗರ್ರನೆ ತಿರುಗಿಸಿದರು. ಅದೇ ಬಿಗಿ ಹಿಡಿತ, ಕಾವಲಿಯ ಮುಂದೆ ನಾನು ತಪ್ಪು ಮಾಡಿದಾಗ ಹಿಡಿಯುವಂಥದ್ದು. ಎಡಗಡೆಯ ಸಾಲಿಗೆ ಎಳೆದುಕೊಂಡು ಹೋಗಿ, "ಹೀಗೆ ಬರ್ಬೇಕು, ಬಲಗೈ ಒಳಗಡೆಗೆ ಇರ್ಬೇಕು, ಅಷ್ಟೂ ಗೊತ್ತಿಲ್ವಾ, ಮೇಣದಬತ್ತಿ ನೆಟ್ಟಗೆ ಹಿಡಿ" ಎಂದು ಬೈಯುತ್ತ ಬೈಯುತ್ತ ಅರ್ಧ ಚರ್ಚು ಸುತ್ತಿಸಿದರು. ಆಮೇಲೆ ನಿಂತರು.

ನಾನು ಅವರನ್ನು ನೋಡಿದೆ. ಅವರು ತಮ್ಮ ಕಾಲ ಕೆಳಗಿನ ನೆಲವನ್ನು ನೋಡಿದರು. ಬಾಗಿಲು ದೂರದಲ್ಲಿತ್ತು, ಅದರಾಚೆ ಬಿಸಿಲು, ಬಿಸಿಲಿನಲ್ಲಿ ಬಾಯಿ ತೆರೆದು ನಿಂತ ಗೂಲ್ವೆನ್.

"ಅತ್ತೆ" ಎಂದೆ. "ಒಳಗೆ ಬಂದುಬಿಟ್ರಲ್ಲ."

"ಹೂಂ" ಎಂದರು. ಮುಖ ಹುಟ್ಟುಹಬ್ಬದ ದಿನದ ಹಾಗೆ ಬಿಳಿಚಿತ್ತು. ಏಳನೆಯದು ಮುಗಿದಿತ್ತು, ಅದನ್ನು ವಾಪಸ್ಸು ಮಾಡುವ ದಾರಿ ಯಾರಿಗೂ ಗೊತ್ತಿರಲಿಲ್ಲ. ನಂಬಿಕೆಯೇ ಇಲ್ಲದ ನಾನೂ ಅವರ ತೋಳನ್ನು ಬಿಗಿಯಾಗಿ ಹಿಡಿದುಕೊಂಡೆ, ಯಾರಾದರೂ ಈಗಲೇ ಎಳೆದುಕೊಂಡು ಹೋಗಿಬಿಡುತ್ತಾರೇನೋ ಎಂಬಂತೆ.

ಆಮೇಲೆ ಅತ್ತೆ ಕೋಲನ್ನು ಗಟ್ಟಿಯಾಗಿ ಊರಿ ಕತ್ತೆತ್ತಿದರು. ಬಣ್ಣದ ಕಿಟಕಿಯ ಕಡೆಗೆ, ಸಂಸೋನ ಎಲ್ಲಿದ್ದಾನೆಂದು ಅವರಿಗೆ ಅನ್ನಿಸಿತೋ ಆ ಕಡೆಗೆ, ನೇರವಾಗಿ ನೋಡಿದರು. ಬಾಡಿಗೆ ಜಾಸ್ತಿ ಕೇಳುವವನ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದರು.

"ನೋಡಿದ್ಯಲ್ಲಪ್ಪ ನೀನೇ. ಒಂದು ಸುತ್ತು ನೆಟ್ಟಗೆ ಬರಕ್ಕೆ ಬರಲ್ಲ ಇವಳಿಗೆ. ಹಿಟ್ಟು ಬಡಿಯಕ್ಕೂ ಬರಲ್ಲ. ಇನ್ನೂ ಆರು ಊರು ಬಾಕಿ ಇದೆ ಇವಳಿಗೆ, ಒಬ್ಬಳೇ ಹೋದ್ರೆ ಆರರಲ್ಲೂ ಹೆಣ ಸುತ್ತಿ ಬರ್ತಾಳೆ. ಇಂಥವಳನ್ನ ಬಿಟ್ಟು ನಾನು ಹೇಗೆ ಬರ್ಲಿ?"

ಅಂಗಡಿಯಲ್ಲಿ ಇಂಥ ಒಂದು ಮಾತಿಗೆ ನಾನು ನಾಲ್ಕು ಮಾತು ಕೊಟ್ಟಿದ್ದೇನೆ. ಮೂವತ್ತು ವರ್ಷದಲ್ಲಿ ಅವರು ಹೇಳಿದ್ದನ್ನು ಒಮ್ಮೆಯೂ ಹೌದೆಂದು ಒಪ್ಪಿಕೊಂಡವಳಲ್ಲ. ಆ ದಿನ ಮೇಣದಬತ್ತಿಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಎಷ್ಟು ದೂರದಲ್ಲಿದ್ದರೂ ಆ ಸಂತನಿಗೆ ಕೇಳಲೇಬೇಕೆಂದು ಗಟ್ಟಿಯಾಗಿ ಹೇಳಿದೆ.

"ಹೌದಪ್ಪ. ನಿಜ. ನನಗೆ ಏನೂ ಬರಲ್ಲ."